ಶಿಕಾಗೋದ ‘ಟವರ್ 18’ : ಹಳಿಗಳ ಚೌಕವೊಂದರ ಇತಿಹಾಸ

ಮಹಾನಗರದ ರೈಲುಗಳಲ್ಲಿ ನಿತ್ಯ ಸಂಚರಿಸುವವರಿಗೆ, ನಿಲ್ದಾಣ ಕಣ್ಣೆದುರಿಗಿದ್ದರೂ ಗಾಡಿ ನಿಂತುಬಿಡುವುದು ಹೊಸತಲ್ಲ. ‘ಸಿಗ್ನಲ್ ಸಿಕ್ಕಿಲ್ಲ’ ಎಂದು ಬೇಸರಿಸುವವರೇ ಬಹಳ. ಆ ನಿಲುಗಡೆಯ ಹಿಂದಿರುವ ವಿವೇಕವನ್ನು ಅರಿಯಲು ಅಮೆರಿಕದ ಶಿಕಾಗೋ ನಗರದ ರೈಲು ಚೌಕವೊಂದರ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ನಗರದ ಬೀದಿಗಳ ಮೇಲೆಯೇ ಉಕ್ಕಿನ ಕಂಬಗಳನ್ನು ನಿಲ್ಲಿಸಿ, ಎತ್ತರದಲ್ಲಿ ಹಳಿಗಳನ್ನು ಹಾಸಲಾಯಿತು. ಲೇಕ್ ಬೀದಿಯ ಮಾರ್ಗ 1893ರಲ್ಲಿ ಆರಂಭವಾಯಿತು. ವಿವಿಧ ಮಾರ್ಗಗಳನ್ನು ಪೇಟೆಯ ನಡುವೆ ಕೂಡಿಸುವ ‘ಲೂಪ್’ ಎಂಬ ಸುತ್ತುಹಾದಿ, ಉದ್ಯಮಿ ಚಾರ್ಲ್ಸ್ ಯರ್ಕಿಸ್‌ರವರ ಪ್ರಯತ್ನದಿಂದ 1897ರಲ್ಲಿ ಪೂರ್ಣಗೊಂಡಿತು. ಅದರ ವಾಯವ್ಯ ಮೂಲೆಯಲ್ಲಿ, ಲೇಕ್ ಮತ್ತು ವೆಲ್ಸ್ ಬೀದಿಗಳು ಸಂಧಿಸುವಲ್ಲಿ, ‘ಟವರ್ 18’ ತಲೆಯೆತ್ತಿತು. ನಮ್ಮಲ್ಲಿ ಸಿಗ್ನಲ್ ಕ್ಯಾಬಿನ್ ಎನ್ನುವುದನ್ನೇ ಅಲ್ಲಿ ಟವರ್ ಎನ್ನುತ್ತಾರೆ. 1900ರಲ್ಲಿ ಉತ್ತರದ ಮಾರ್ಗವೂ ಬಂದು ಸೇರಲು, ನಾಲ್ಕು ದಿಕ್ಕುಗಳ ಹಳಿಗಳು ಒಂದೇ ಮಟ್ಟದಲ್ಲಿ ಪರಸ್ಪರ ಛೇದಿಸುವ ಈ ಸ್ಥಳ ಜಗತ್ತಿನ ಅತ್ಯಂತ ನಿಬಿಡ ರೈಲು ಚೌಕಗಳಲ್ಲೊಂದೆಂದು ಪ್ರಸಿದ್ಧಿ ಪಡೆಯಿತು.

ಇಂತಹ ಕಡೆ ಕೇವಲ ಮನುಷ್ಯನ ನೆನಪನ್ನು ನಂಬುವಂತಿಲ್ಲ. ಪಾಯಿಂಟ್ ಹಾಗೂ ಸಿಗ್ನಲ್‌ಗಳನ್ನು ಒಟ್ಟಿಗೆ ಚಾಲಿಸುವ ವ್ಯವಸ್ಥೆಗೆ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಅದರಿಂದ ಬೆಳೆದು ಬಂದದ್ದೇ ‘ಇಂಟರ್‌ಲಾಕಿಂಗ್’. ಒಂದು ಗಾಡಿಗೆ ದಾರಿ ಕೊಟ್ಟೊಡನೆ, ಅದಕ್ಕೆ ಅಡ್ಡ ಬರುವ ಎಲ್ಲ ದಾರಿಗಳೂ ತಾವಾಗಿಯೇ ಬಂಧಿತವಾಗುತ್ತವೆ. ಒಬ್ಬರಿಗೆ ತಡೆಯೊಡ್ಡುವುದೇ ಇನ್ನೊಬ್ಬರಿಗೆ ಕೊಡುವ ಅಭಯವೆಂಬುದು ಇದರ ಮೂಲ ತತ್ತ್ವ.

1913ರಲ್ಲಿ ಲೂಪಿನ ಎರಡೂ ಹಳಿಗಳ ಮೇಲೆ ಗಾಡಿಗಳು ಒಂದೇ ದಿಕ್ಕಿನಲ್ಲಿ, ಅಪ್ರದಕ್ಷಿಣವಾಗಿ, ಓಡತೊಡಗಿದವು. 1969ರಲ್ಲಿ ಲೇಕ್ ಮಾರ್ಗವನ್ನು ದಕ್ಷಿಣದ ಡಾನ್ ರಯಾನ್ ಮಾರ್ಗದೊಡನೆ ಜೋಡಿಸಿದಾಗ ಉಭಯ ದಿಕ್ಕುಗಳ ಸಂಚಾರ ಮರಳಿತು. ಹಳೆಯ ಗೋಪುರದ ಸ್ಥಾನದಲ್ಲಿ ಹೊಸ ಗೋಪುರ ಬಂದಿತು. 2010ರಲ್ಲಿ ಅದಕ್ಕೂ ಬದಲಾಗಿ ಇನ್ನೊಂದು ಗೋಪುರ ಕಾರ್ಯಾರಂಭ ಮಾಡಿತು.

ಆದರೆ ಯಂತ್ರವಿದ್ದ ಮಾತ್ರಕ್ಕೆ ಮನುಷ್ಯನು ಮೈಮರೆಯುವಂತಿಲ್ಲ. 1977ರ ಫೆಬ್ರುವರಿ 4ರ ಸಂಜೆ, ಇದೇ ಲೂಪಿನ ಈಶಾನ್ಯ ಮೂಲೆಯಲ್ಲಿ, ಎಚ್ಚರಿಕೆಯ ಸಂಕೇತವಿದ್ದರೂ ಮುಂದುವರಿದ ಗಾಡಿಯೊಂದು ಎದುರಿಗೆ ನಿಂತಿದ್ದ ಗಾಡಿಯ ಹಿಂಭಾಗಕ್ಕೆ ತಾಗಿತು. ಬೋಗಿಗಳು ಕೆಳಗಿನ ಬೀದಿಗೆ ಉರುಳಿ 11 ಜನ ಅಸುನೀಗಿದರು. ವೇಗವೇನೂ ಹೆಚ್ಚಿರಲಿಲ್ಲ, ಕೊರತೆಯಾದದ್ದು ಜಾಗರೂಕತೆ.

ಸಂಭವಿಸಿದ ಅನಾಹುತಗಳು ಇತಿಹಾಸದಲ್ಲಿ ದಾಖಲಾಗುತ್ತವೆ. ತಪ್ಪಿಹೋದ ಅನಾಹುತಗಳಿಗೆ ಲೆಕ್ಕವಿಟ್ಟವರಿಲ್ಲ. ಗೋಪುರದಲ್ಲಿ ಕುಳಿತು ಹಗಲಿರುಳು ದಾರಿ ಕಾಯ್ದವರ ಸೇವೆ ಈ ಎರಡನೆಯ ಬಗೆಯದು. ಕೆಂಪು ದೀಪದ ಮುಂದೆ ಗಾಡಿ ನಿಂತಾಗ ಅವರನ್ನೊಮ್ಮೆ ನೆನೆಯುವುದು ಉಚಿತ.