ರಾಜೀನಾಮೆನೋ, ಸ್ವಯಂ ನಿವೃತ್ತಿನೋ? ಅರ್ಜಿ ಬರೆಯೋ ಮುಂಚೆ ತಿಳ್ಕೊಳ್ಳಿ

ಕೂಡ್ಲಿಗಿ: 2016ರ ಜೂನ್‌ನಲ್ಲಿ ಇಲ್ಲಿನ ಡಿವೈಎಸ್ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟಿದ್ದು ರಾಜ್ಯದಲ್ಲೆಲ್ಲ ಸುದ್ದಿಯಾಗಿತ್ತು. ಸರ್ಕಾರ ಅದನ್ನು ಅಂಗೀಕರಿಸಿತು. ಅದು ರಾಜೀನಾಮೆ, ಸ್ವಯಂ ನಿವೃತ್ತಿ ಅಲ್ಲ. ಎರಡೂ ಒಂದೇ ಅಂದ್ಕೊಂಡವರು ನಮ್ಮ ತಾಲ್ಲೂಕುಗಳಲ್ಲಿ ಈಗಲೂ ಇದ್ದಾರೆ.

ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಕೆಸಿಎಸ್‌ಆರ್ ನಿಯಮ 285ರ ಪ್ರಕಾರ 15 ವರ್ಷ ಅರ್ಹ ಸೇವೆ ಮುಗಿಸಿದವರು ಮೂರು ತಿಂಗಳ ಲಿಖಿತ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಕೇಳಬಹುದು. ಹಳೇ ಪಿಂಚಣಿಯವರಾದರೆ ಸೇವೆಗೆ ತಕ್ಕ ಪಿಂಚಣಿ ಸಿಗುತ್ತೆ. ಅದೇ ಅರ್ಜಿಯಲ್ಲಿ ‘ರಾಜೀನಾಮೆ’ ಅಂತ ಬರೆದ್ರೆ ಹಿಂದಿನ ಸೇವೆ ಲೆಕ್ಕಕ್ಕಿಲ್ಲ, ಪಿಂಚಣಿಯೂ ಇಲ್ಲ. ಸಾಹೇಬರ ಮೇಲಿನ ಸಿಟ್ಟಿಗೋ, ಕೊಟ್ಟೂರಲ್ಲಿ ಅಂಗಡಿ ಹಾಕ್ತೀನಿ ಅನ್ನೋ ಆತುರಕ್ಕೋ ಬರೆದುಕೊಟ್ಟು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರಬೇಡಿ. 2006ರ ಏಪ್ರಿಲ್ 1ರಿಂದ ಸೇರಿದವರದ್ದು ಎನ್‌ಪಿಎಸ್, ಅವರ ಲೆಕ್ಕ ಬೇರೆ.

ಖಾಸಗಿ ಕೆಲಸದಲ್ಲಿ ಪಿಎಫ್ ಕಟ್ಟಿದವರಿಗೂ ದಾರಿ ಇದೆ. 10 ವರ್ಷ ಸೇವೆ ಇದ್ದು ಕೆಲಸ ಬಿಟ್ಟಿದ್ರೆ, 50 ತುಂಬಿದ ಮೇಲೆ ಇಪಿಎಸ್ ಪಿಂಚಣಿಗೆ ಫಾರಂ 10ಡಿ ಹಾಕಬಹುದು. ಆದ್ರೆ 58ಕ್ಕಿಂತ ಎಷ್ಟು ವರ್ಷ ಮುಂಚೆಯೋ, ವರ್ಷಕ್ಕೆ ಶೇ 4ರಂತೆ ಕಡಿತ. ಅದು 58 ಆದ ಮೇಲೂ ವಾಪಸ್ ಸೇರಲ್ಲ.