ಹತ್ತಿ ಮುರಿಯುವ ಹಡಗುಗಳು: ರಷ್ಯಾದ ಐಸ್‌ಬ್ರೇಕರ್‌ಗಳ ಒಂದೂವರೆ ಶತಮಾನ

1864ರಲ್ಲಿ ಕ್ರಾನ್‌ಶ್ಟಾಟ್ ಬಂದರಿನ ವರ್ತಕ ಮಿಖಾಯಿಲ್ ಬ್ರಿಟ್ನೇವ್ ತನ್ನ ‘ಪೈಲಟ್’ ಎಂಬ ಪುಟ್ಟ ಉಗಿಹಡಗಿನ ಮೂತಿಯನ್ನು ಸುಮಾರು 20 ಡಿಗ್ರಿ ಓರೆಯಾಗಿ ಕತ್ತರಿಸಿ ಹಾಕಿಸಿದ. ಚಳಿಗಾಲ ಬಂತೆಂದರೆ ಹೆಪ್ಪುಗಟ್ಟುವ ಫಿನ್ಲೆಂಡ್ ಕೊಲ್ಲಿಯಲ್ಲಿ ಇನ್ನಷ್ಟು ವಾರ ವ್ಯಾಪಾರ ನಡೆಸಬೇಕೆಂಬುದಷ್ಟೇ ಅವನ ಆಸೆ. ಓರೆಮೂತಿಯ ಹಡಗು ಮಂಜುಗಡ್ಡೆಯನ್ನು ಗುದ್ದದೆ ಅದರ ಮೇಲೆ ಹತ್ತಿತು. ಹಡಗಿನ ಭಾರಕ್ಕೆ ಗಡ್ಡೆ ಕುಸಿಯಿತು. ಇಂದಿನ ಅಣುಶಕ್ತಿಯ ದೈತ್ಯಗಳೂ ಮಾಡುವುದು ಇದನ್ನೇ.

ಕೊಲ್ಲಿಯ ಈ ಉಪಾಯವನ್ನು ಧ್ರುವದ ಕಡೆಗೆ ಒಯ್ದವನು ಅಡ್ಮಿರಲ್ ಸ್ಟೆಪಾನ್ ಮಕರೋವ್. ಅವನ ಹಟಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ತಯಾರಾದ ‘ಯೆರ್ಮಾಕ್’ 1899ರಲ್ಲಿ ಸ್ಪಿಟ್ಸ್‌ಬರ್ಗೆನ್‌ನ ಉತ್ತರದ ಗಡ್ಡೆಗಳಿಗೆ ನುಗ್ಗಿ ಪೆಟ್ಟು ತಿಂದು ಮರಳಿತು. ಬಾಲ್ಟಿಕ್‌ನ ತೆಳು ಹಿಮಕ್ಕೆ ಒಗ್ಗಿದ್ದ ಮುಂದಿನ ಪ್ರೊಪೆಲರ್ ಅಲ್ಲಿ ಉಪದ್ರವವಾಗಿತ್ತು. ಅದನ್ನು ಕಿತ್ತು ಮೂತಿಯನ್ನೇ ಬದಲಿಸಬೇಕಾಯಿತು. ಧ್ರುವ ಕೈಗೆ ಎಟುಕಲಿಲ್ಲ. ಆದರೂ ‘ಯೆರ್ಮಾಕ್’ 1964ರ ತನಕ ಬಾಳಿತು. ಸೋತ ಪ್ರಯೋಗವೆಂದು ಆಡಿಕೊಂಡವರೆಲ್ಲರಿಗಿಂತ ಅದರ ಆಯುಸ್ಸೇ ದೊಡ್ಡದು.

ಮೊದಲ ಮಹಾಯುದ್ಧದ ಹೊತ್ತಿಗೆ ಅದೇ ನ್ಯೂಕ್ಯಾಸಲ್‌ನಲ್ಲಿ ಇನ್ನಷ್ಟು ಐಸ್‌ಬ್ರೇಕರ್‌ಗಳು ತಯಾರಾದವು. ರಷ್ಯಾದ ಪರವಾಗಿ ಮೇಲ್ವಿಚಾರಣೆಗೆ ನಿಂತಿದ್ದವರಲ್ಲಿ ‘ನಾವು’ ಕಾದಂಬರಿಯ ಲೇಖಕ ಯೆವ್ಗೆನಿ ಜಮ್ಯಾಟಿನ್ ಒಬ್ಬ. ಕಸುಬಿನಲ್ಲಿ ಆತ ಹಡಗು ಎಂಜಿನಿಯರ್. ಆ ಹಡಗುಗಳಲ್ಲಿ ಒಂದಾದ ‘ಸ್ವ್ಯಾತೊಗೊರ್’ ಮುಂದೆ ‘ಕ್ರಾಸಿನ್’ ಎಂದು ಹೆಸರು ಬದಲಿಸಿಕೊಂಡು, 1928ರಲ್ಲಿ ನೊಬಿಲೆಯ ‘ಇಟಾಲಿಯಾ’ ವಾಯುನೌಕೆಯ ಪತನದಲ್ಲಿ ಬದುಕುಳಿದವರನ್ನು ಗಡ್ಡೆಯ ಮೇಲಿಂದ ಎತ್ತಿಕೊಂಡಿತು.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 1932ರ ‘ಸಿಬಿರ್ಯಾಕೊವ್’ ಯಾನ. ಓಟ್ಟೊ ಷ್ಮಿಟ್‌ನ ಮುಂದಾಳ್ತನದಲ್ಲಿ ಆರ್ಖಾಂಗೆಲ್ಸ್ಕ್‌ನಿಂದ ಹೊರಟ ಹಡಗಿನ ಪ್ರೊಪೆಲರ್ ಅಲಗುಗಳು ಚುಕ್ಚಿ ಸಮುದ್ರದಲ್ಲಿ ಮುರಿದವು. ಸಿಬ್ಬಂದಿ ಹಿಂಭಾಗದ ಕಲ್ಲಿದ್ದಲನ್ನು ಮೂಟೆ ಹೊತ್ತು ಮುಂಭಾಗಕ್ಕೆ ಸಾಗಿಸಿ, ಹಿಂಬದಿ ನೀರಿನಿಂದ ಮೇಲೇಳುವಂತೆ ಮಾಡಿ, ಹೊಸ ಅಲಗು ಜೋಡಿಸಿದರು. ಕೆಲವೇ ದಿನಗಳಲ್ಲಿ ದಂಡವೇ ತುಂಡಾಗಿ ಪ್ರೊಪೆಲರ್ ಸಮುದ್ರದ ಪಾಲಾಯಿತು. ಆಗ ಟಾರ್ಪಾಲಿನ್‌ಗಳನ್ನು ಹಾಯಿಯಾಗಿ ಕಟ್ಟಿಕೊಂಡು, ತೆವಳುತ್ತ ಬೇರಿಂಗ್ ಜಲಸಂಧಿ ಮುಟ್ಟಿದರು. ಉತ್ತರದ ಸಮುದ್ರಮಾರ್ಗವನ್ನು ಒಂದೇ ಋತುವಿನಲ್ಲಿ ದಾಟಿದ ಮೊದಲ ಯಾನ ಮುಗಿದದ್ದು ಹೀಗೆ. ಮರುವರ್ಷ ಅದೇ ಹಾದಿ ಹಿಡಿದ ‘ಚೆಲ್ಯೂಸ್ಕಿನ್’ 1934ರ ಫೆಬ್ರವರಿಯಲ್ಲಿ ಗಡ್ಡೆಗಳ ನಡುವೆ ನಜ್ಜುಗುಜ್ಜಾಗಿ ಮುಳುಗಿತು. ಹಿಮದ ಮೇಲೆ ಉಳಿದ ನೂರಕ್ಕೂ ಹೆಚ್ಚು ಜನರನ್ನು ವಿಮಾನಗಳು ಕರೆತಂದವು.

ಗಡ್ಡೆಯ ದಪ್ಪದಷ್ಟೇ ಕಾಡಿದ್ದು ಇಂಧನದ ಚಿಂತೆ. ಕಲ್ಲಿದ್ದಲು ಮುಗಿಯುವ ಮುನ್ನ ಬಂದರಿಗೆ ಮರಳಲೇಬೇಕು. 1959ರ ಕೊನೆಗೆ ಸೇವೆಗಿಳಿದ ‘ಲೆನಿನ್’ ಜಗತ್ತಿನ ಮೊದಲ ಅಣುಚಾಲಿತ ಐಸ್‌ಬ್ರೇಕರ್. ಅಲ್ಲಿಗೆ ಈ ಕಟ್ಟು ಹರಿಯಿತು. ಬೆಲೆಯನ್ನೂ ತೆರಬೇಕಾಯಿತು: 1965ರಲ್ಲಿ ಮತ್ತು 1967ರಲ್ಲಿ ರಿಯಾಕ್ಟರ್ ಅವಘಡಗಳಾದವು. ಕೊನೆಗೆ ಮೂರು ರಿಯಾಕ್ಟರ್‌ಗಳಿದ್ದ ಇಡೀ ವಿಭಾಗವನ್ನೇ ಕತ್ತರಿಸಿ ನೊವಾಯಾ ಜೆಮ್ಲ್ಯಾದ ಬಳಿ ಸಮುದ್ರಕ್ಕೆ ಬೀಳಿಸಿ, ಹೊಸದಾಗಿ ಎರಡನ್ನು ಕೂರಿಸಿದರು.

1977ರ ಆಗಸ್ಟ್ 17ರಂದು ‘ಆರ್ಕ್ಟಿಕಾ’ ಉತ್ತರ ಧ್ರುವ ಮುಟ್ಟಿತು. ನೀರಿನ ಮೇಲೆ ಸಾಗುವ ಹಡಗೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಪತ್ರಿಕೆಗಳಿಗೆ ಅದು ಹಬ್ಬ. ಆದರೆ ಐಸ್‌ಬ್ರೇಕರ್‌ನ ಯೋಗ್ಯತೆ ಅಳೆಯಬೇಕಾದ್ದು ತಾನು ಎಲ್ಲಿಗೆ ಹೋಯಿತು ಎಂಬುದರಿಂದಲ್ಲ, ಹಿಂದೆ ಎಷ್ಟು ಹಡಗುಗಳನ್ನು ಕರೆತಂದಿತು ಎಂಬುದರಿಂದ. ನೊರಿಲ್ಸ್ಕ್‌ನ ಲೋಹ ಸಾಗಿಸುವ ದುದಿಂಕಾ ಬಂದರಿಗೆ ಎಪ್ಪತ್ತರ ದಶಕದ ಕೊನೆಯಿಂದ ವರ್ಷವಿಡೀ ಸಂಚಾರ ಸಾಧ್ಯವಾದದ್ದು, ನನ್ನ ಲೆಕ್ಕದಲ್ಲಿ, ಧ್ರುವಕ್ಕಿಂತ ದೊಡ್ಡ ಸಾಧನೆ.

ಆ ಕೆಲಸದಲ್ಲಿ ವೈಭವವಿಲ್ಲ. ಐಸ್‌ಬ್ರೇಕರ್ ಕಾಲುವೆ ಕೊರೆಯುತ್ತದೆ, ಸರಕು ಹಡಗುಗಳು ಸಾಲಾಗಿ ಹಿಂಬಾಲಿಸುತ್ತವೆ. ಗಾಳಿ ಗಡ್ಡೆಗಳನ್ನು ಒತ್ತಿತೆಂದರೆ ಕಾಲುವೆ ನೋಡನೋಡುತ್ತಲೇ ಮುಚ್ಚಿಕೊಳ್ಳುತ್ತದೆ. ಸಿಕ್ಕಿಬಿದ್ದ ಹಡಗಿನ ಪಕ್ಕಕ್ಕೇ ಐಸ್‌ಬ್ರೇಕರ್ ಮರಳಿ ಬಂದು ಸುತ್ತಲಿನ ಹಿಮ ಒಡೆಯಬೇಕು. ಅದಕ್ಕೂ ಬಗ್ಗದಿದ್ದರೆ, ತನ್ನ ಹಿಂಬದಿಯ ಇಂಗ್ಲಿಷ್ ‘ವಿ’ ಆಕಾರದ ಕಚ್ಚಿಗೆ ಆ ಹಡಗಿನ ಮೂತಿಯನ್ನು ಉಕ್ಕಿನ ಹಗ್ಗದಿಂದ ಬಿಗಿದುಕೊಂಡು ಎಳೆಯಬೇಕು. ಇನ್ನು ಸಾಲಿನಲ್ಲಿ ಸಾಗುವಾಗ ಅಂತರ ತಪ್ಪುವಂತಿಲ್ಲ. ದಪ್ಪ ಗಡ್ಡೆಗೆ ತಾಗಿ ಮುಂದಿನದು ಗಕ್ಕನೆ ನಿಂತರೆ ಹಿಂದಿನದು ಬಂದು ಗುದ್ದುತ್ತದೆ.

ಅಣುಹಡಗಿಗೂ ಒಂದು ಮಿತಿಯುಂಟು. ಅದರ ಯಂತ್ರಗಳು ತಣ್ಣಗಿರಲು ತಣ್ಣನೆಯ ಸಮುದ್ರನೀರೇ ಬೇಕು, ಆದ್ದರಿಂದ ಉಷ್ಣವಲಯ ದಾಟಿ ದಕ್ಷಿಣಕ್ಕೆ ಹೋಗುವಂತಿಲ್ಲ. 1985ರಲ್ಲಿ ‘ಮಿಖಾಯಿಲ್ ಸೊಮೊವ್’ ಎಂಬ ಹಡಗು ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದಾಗ ಬಿಡಿಸಲು ಹೋದದ್ದು ಡೀಸೆಲ್-ವಿದ್ಯುತ್ ಚಾಲಿತ ‘ವ್ಲಾದಿವೊಸ್ತೋಕ್’.

ಈಗಿನ ಪೀಳಿಗೆಯ ಹೊಸ ‘ಆರ್ಕ್ಟಿಕಾ’ 2020ರಲ್ಲಿ ಸೇವೆಗೆ ಬಂತು. 173 ಮೀಟರ್ ಉದ್ದ, 60 ಮೆಗಾವಾಟ್ ಬಲ. ನಿಲುಭಾರದ ನೀರು ತುಂಬಿಸಿ, ಖಾಲಿ ಮಾಡಿ ಆಳ ಬದಲಿಸಿಕೊಳ್ಳುವುದರಿಂದ ತೆರೆದ ಸಮುದ್ರ, ನದೀಮುಖ ಎರಡಕ್ಕೂ ಒಂದೇ ಹಡಗು ಸಾಕು. ಮೂರು ವಿದ್ಯುತ್ ಮೋಟಾರ್‌ಗಳಲ್ಲಿ ಒಂದು ಕೆಟ್ಟಿದ್ದರಿಂದ ಮೊದಲಿಗೆ ಪೂರ್ಣ ಬಲವಿಲ್ಲದೆಯೇ ದುಡಿಯಿತು. ಇದರ ಇಮ್ಮಡಿ ಬಲದ ‘ರೊಸ್ಸಿಯಾ’ದ ನಿರ್ಮಾಣವನ್ನೂ ರಷ್ಯಾ ಆರಂಭಿಸಿದೆ. ಇತ್ತ ಯಮಾಲ್‌ನ ಅನಿಲ ಟ್ಯಾಂಕರ್‌ಗಳು ದಪ್ಪ ಹಿಮ ಎದುರಾದರೆ ಹಿಮ್ಮುಖವಾಗಿ ತಿರುಗಿ ತಾವೇ ಒಡೆದುಕೊಂಡು ಸಾಗುತ್ತವೆ.

ಹಾಗಾದರೆ, ಆರ್ಕ್ಟಿಕ್ ಕರಗುತ್ತಿರುವಾಗ ಐಸ್‌ಬ್ರೇಕರ್ ಏಕೆ? 2021ರ ನವೆಂಬರ್‌ನಲ್ಲಿ ಉತ್ತರ ಸಮುದ್ರಮಾರ್ಗದ ಪೂರ್ವಭಾಗ ಅವಧಿಗೆ ಮೊದಲೇ ಹೆಪ್ಪುಗಟ್ಟಿತು. ಹಿಂದಿನ ವರ್ಷಗಳ ಬೆಚ್ಚನೆಯ ಶರತ್ಕಾಲವನ್ನು ನೆಚ್ಚಿ ಹೊರಟಿದ್ದ ಸುಮಾರು 20 ಹಡಗುಗಳು ಅಲ್ಲಲ್ಲೇ ಸಿಕ್ಕಿಕೊಂಡವು. ಬಿಡಿಸಿ ತರಲು ಅಣುಚಾಲಿತ ಐಸ್‌ಬ್ರೇಕರ್‌ಗಳನ್ನೇ ಕಳಿಸಬೇಕಾಯಿತು.