ವೈಜಾಗ್ ಪ್ಲಾಟ್‌ಫಾರ್ಮಿನ ಗಿಟಾರು ಹುಡುಗರು

ಮೊನ್ನೆ ಭಾನುವಾರ ಮಗ ಒಂದು ಹಾಡು ಹಾಕಿ, "ಅಪ್ಪಾ, ಇದು ಯಾವ ದೇಶದ ಬ್ಯಾಂಡು, ಯಾವ ವರ್ಷ ಹೇಳು ನೋಡೋಣ" ಅಂದ. ಹಾಡುಗಾರ ತಾರಸ್ಥಾಯಿಗೆ ಹೋಗಿ ಅಲ್ಲೇ ಮನೆ ಕಟ್ಟಿಕೊಂಡು ಕೂತಿದ್ದ. "ಅಮೆರಿಕಾ, 1987" ಅಂದೆ ಗತ್ತಿನಿಂದ. ಅವನು ನಕ್ಕ. "ಗ್ಯಾಂಗ್ಟಾಕ್ ಹುಡುಗರು. ಬೆಂಗಳೂರಲ್ಲಿ ನೆಲೆ ನಿಂತಿರೋರು. ಹೆಸರು ಗಿರೀಶ್ ಅಂಡ್ ದ ಕ್ರಾನಿಕಲ್ಸ್."

ಗಿರೀಶ ಅಂದ ಕೂಡಲೇ ನಮ್ಮ ತಿಪಟೂರು ಕಡೆಯವನೇ ಇರಬೇಕು ಅಂತ ಒಂದು ಕ್ಷಣ ಖುಷಿಯಾಯ್ತು. ಅಲ್ಲ, ಸಿಕ್ಕಿಮ್ಮಿನ ಗಿರೀಶ್ ಪ್ರಧಾನ್. ತಮ್ಮ ಯೋಗೇಶ್ ಬೇಸ್ ಗಿಟಾರು.

ಆದರೆ ನನಗೆ ತಕ್ಷಣ ಕಣ್ಣಿಗೆ ಬಂದಿದ್ದು ನಮ್ಮ ವೈಜಾಗ್ ಸ್ಟೇಷನ್ನು. ಈ ಊರಿಗೆ ಬಂದು ನೆಲೆಸಿ ಎಷ್ಟೋ ವರ್ಷವಾಯ್ತು. ಅದಕ್ಕೂ ಮುಂಚೆ ವಿಜಯವಾಡದಲ್ಲಿ ಎರಡು ವರ್ಷ ಬಿಸಿಲು ಕುಡಿದಿದ್ದೆ. ಬೆಂಗಳೂರಿಗೆ ಹೋಗೋರನ್ನ ಹತ್ತಿಸೋದು, ಬರೋರನ್ನ ಇಳಿಸಿಕೊಳ್ಳೋದು ಅಂತ ಆ ಪ್ಲಾಟ್‌ಫಾರ್ಮ್ ತುಳಿದಿದ್ದಕ್ಕೆ ಲೆಕ್ಕ ಇಲ್ಲ. ಗುವಾಹಟಿ–ಬೆಂಗಳೂರು ಗಾಡಿ ನ್ಯೂ ಜಲಪಾಯಿಗುರಿ, ಭುವನೇಶ್ವರ ದಾಟಿ ಇಲ್ಲಿಗೆ ಬಂದು, ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಹಾಕಿಸಿಕೊಂಡು ವಿಜಯವಾಡದ ಕಡೆ ಹೋಗುತ್ತೆ. ಆ ಹೊತ್ತಲ್ಲಿ ಇಡೀ ರೈಲು ಕೆಳಗಿಳಿದು ಇಡ್ಲಿ ತಿನ್ನುತ್ತೆ. ಅದರಲ್ಲಿ ಪ್ರತಿಸಲ ನಾಲ್ಕೈದು ಹುಡುಗರು ಇರೋರು. ಉದ್ದ ಕೂದಲು, ಹರಿದ ಜೀನ್ಸು, ಬೆನ್ನಿಗೆ ಗಿಟಾರು. ಇವರೆಲ್ಲ ಬೆಂಗಳೂರಲ್ಲಿ ಏನು ಮಾಡ್ತಾರೆ ಅಂತ ಆಗ ಕೇಳಬೇಕು ಅನ್ನಿಸಿರಲಿಲ್ಲ. ಈಗ ಅನ್ನಿಸ್ತಿದೆ.

ಮೊದಲು ಈ ಸಂಗೀತದ ವಂಶಾವಳಿ ಸ್ವಲ್ಪ ಹೇಳಿಬಿಡ್ತೀನಿ. 1971ರಲ್ಲಿ ಇಂಗ್ಲೆಂಡಿನ ಮಾರ್ಕ್ ಬೋಲನ್ ಕೆನ್ನೆಗೆ ಮಿನುಗುಪುಡಿ ಹಚ್ಚಿಕೊಂಡು ಟೀವಿಯಲ್ಲಿ ಕಾಣಿಸಿಕೊಂಡ. ಮುಂದಿನ ವರ್ಷ ಡೇವಿಡ್ ಬೋವಿ ಕೆಂಪು ಕೂದಲಿನ ಜಿಗ್ಗಿ ಸ್ಟಾರ್‌ಡಸ್ಟ್ ಆಗಿ ನಿಂತ. ಗಂಡಸು ಬಣ್ಣ ಹಚ್ಚೋದಾ ಅಂತ ಅಲ್ಲಿನವರು ಹೌಹಾರಿದರು. ಕಂಪನಿ ನಾಟಕ, ಯಕ್ಷಗಾನ ನೋಡಿ ಬೆಳೆದ ನಮಗೆ ಇದರಲ್ಲಿ ಹೌಹಾರೋಕೆ ಏನಿದೆ ಹೇಳಿ! ಇದು ಗ್ಲಾಮ್ ರಾಕ್. ಹತ್ತು ವರ್ಷದ ಮೇಲೆ ಲಾಸ್ ಏಂಜಲಿಸ್‌ನಲ್ಲಿ ಇದಕ್ಕೆ ಎರಡನೇ ಜನ್ಮ. ಕೂದಲು ಇನ್ನೂ ಎತ್ತರ, ಪ್ಯಾಂಟು ಇನ್ನೂ ಬಿಗಿ, ಗಿಟಾರು ಇನ್ನೂ ಜೋರು. 1983ರ ನವೆಂಬರಿನಲ್ಲಿ ಕ್ವಯಟ್ ರಾಯಟ್ ಅನ್ನೋ ತಂಡದ 'ಮೆಟಲ್ ಹೆಲ್ತ್' ಅಮೆರಿಕಾದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಅದನ್ನ ಅಲ್ಲಿಗೆ ಎತ್ತಿದ ಹಾಡು ಇಂಗ್ಲೆಂಡಿನ ಹಳೇ ಗ್ಲಾಮ್ ತಂಡ ಸ್ಲೇಡ್‌ನದು! ಮೊಮ್ಮಗ ಅಜ್ಜನ ಕೋಟು ಹಾಕ್ಕೊಂಡು ಮೆರೆದ ಹಾಗೆ.

ಅಂತ್ಯ ಮಾತ್ರ ಬಹಳ ಬೇಗ ಬಂತು. 1992ರ ಜನವರಿಯಲ್ಲಿ ಫೈರ್‌ಹೌಸ್ ಅನ್ನೋ ಗ್ಲಾಮ್ ತಂಡ ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಹೊಸ ಹಾರ್ಡ್ ರಾಕ್ ತಂಡದ ಪ್ರಶಸ್ತಿ ಗೆದ್ದಿತು. ಸೋತವರಲ್ಲಿ ನಿರ್ವಾಣ ಅನ್ನೋ ತಂಡವೂ ಇತ್ತು. ಅದೇ ತಿಂಗಳು ನಿರ್ವಾಣದ ಆಲ್ಬಮ್ಮು ಪಟ್ಟಿಯ ತುದಿಗೇರಿತು. ಹರಕಲು ಸ್ವೆಟರು, ಬಾಚದ ತಲೆ, ಮುಖದ ತುಂಬ ಬೇಸರ. ಮಿನುಗುವವರಿಗೆಲ್ಲ ನಿಜವಾದ ನಿರ್ವಾಣ ಅಲ್ಲೇ ಆಯ್ತು.

ಅಮೆರಿಕಾದಲ್ಲಿ ತಿಥಿ ಮುಗಿದರೂ ನಮ್ಮ ಈಶಾನ್ಯದ ಗುಡ್ಡಗಳಿಗೆ ಆ ಸುದ್ದಿ ಮುಟ್ಟಲಿಲ್ಲ, ಅಥವಾ ಮುಟ್ಟಿದರೂ ಅವರು ಒಪ್ಪಲಿಲ್ಲ. ಅದೇ ಫೈರ್‌ಹೌಸ್ 2004ರಲ್ಲಿ ಶಿಲ್ಲಾಂಗ್, ದಿಮಾಪುರ, ಐಜಾಲ್‌ಗೆ ಬಂದು ಹಾಡಿತು. ಸ್ವಂತ ಊರಲ್ಲಿ ಮರೆತವರನ್ನ ಮಿಜೋರಮ್ಮಿನ ಜನ ಕರೆಸಿಕೊಂಡರು ಅಂದ್ರೆ ನೋಡಿ. 2007ರಲ್ಲಿ ಶಿಲ್ಲಾಂಗಿಗೆ ಸ್ಕಾರ್ಪಿಯನ್ಸೂ ಬಂದರು. ಗಿರೀಶ್ ತಂಡ ಗ್ಯಾಂಗ್ಟಾಕ್‌ನಲ್ಲಿ ಶುರುವಾಗಿದ್ದು 2009ರಲ್ಲಿ. ಅವರು ತಮ್ಮದನ್ನ ಹಾರ್ಡ್ ರಾಕ್ ಅಂತಾರೆ, ಇರಲಿ. ಆದರೆ ಆ ಕೂಗು, ಎಲ್ಲರೂ ಸೇರಿ ಹಾಡೋ ಆ ಪಲ್ಲವಿ, ಆ ಠೀವಿ ಎಲ್ಲ ಲಾಸ್ ಏಂಜಲಿಸ್‌ನ ಆ ವಂಶದ್ದೇ.

ಆಗ ಸಿಕ್ಕಿಮ್ಮಿನಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ಪಾಕ್ಯಾಂಗ್ ವಿಮಾನ ನಿಲ್ದಾಣ ತೆರೆದಿದ್ದೇ 2018ರಲ್ಲಿ. ಗಿಟಾರು ಹೊತ್ತವರು ಗುಡ್ಡ ಇಳಿದು ಜಲಪಾಯಿಗುರಿಗೆ ಬಂದು ರೈಲು ಹಿಡಿಯಬೇಕು. ಎರಡು ರಾತ್ರಿ ಕಳೆದರೆ ಬೆಂಗಳೂರು.

ಸರಿ, ಬೆಂಗಳೂರು ಏನು ಕೊಟ್ಟಿತು? ಪಬ್ಬುಗಳಲ್ಲಿ ವೇದಿಕೆ ಕೊಟ್ಟಿತು, ಕೇಳೋ ಕಿವಿಗಳನ್ನ ಕೊಟ್ಟಿತು. ಪಬ್ಬಿನ ಜನ ಕೇಳೋದು ಗನ್ಸ್ ಎನ್ ರೋಸಸ್, ಎಸಿಡಿಸಿ. ನಿನ್ನ ಸ್ವಂತ ಹಾಡು ಶುರುವಾದರೆ ಬಿಯರು ತರಕ್ಕೆ ಎದ್ದು ಹೋಗ್ತಾರೆ. ಯಾವ ತಂಡಕ್ಕೂ ಇದು ತಪ್ಪಿದ್ದಲ್ಲ. ಆದರೆ ಬೆಂಗಳೂರಲ್ಲಿ ಇನ್ನೊಂದು ವಿಶೇಷ ಕಷ್ಟ ಇತ್ತು. ನಮ್ಮ ಪೇಪರುಗಳಲ್ಲಿ 'ಲೈವ್ ಬ್ಯಾಂಡ್' ಅಂದ್ರೆ ರಾಕ್ ಸಂಗೀತ ಅಂತ ಯಾರಾದ್ರೂ ಓದ್ಕೊಂಡಿದ್ದು ನಿಮಗೆ ನೆನಪಿದೆಯಾ? ಅದು ಹುಡುಗಿಯರು ಕುಣಿಯೋ ಬಾರಿಗೆ ಇಟ್ಟ ಮರ್ಯಾದಸ್ಥ ಹೆಸರು. ಅಂಥ ಬಾರುಗಳನ್ನ ಹಿಡಿತಕ್ಕೆ ತರೋಕೆ ಪೊಲೀಸರು 2005ರಲ್ಲಿ ಒಂದು ಲೈಸೆನ್ಸ್ ಆದೇಶ ತಂದರು. ಅದೇ ಆದೇಶ ಗಿಟಾರು ಹುಡುಗರ ಕೊರಳಿಗೂ ಸುತ್ತಿಕೊಂಡಿತು. 2008ರಲ್ಲಿ ಪಬ್ಬುಗಳಲ್ಲಿ ಸಂಗೀತ ನಿಂತು ಕಲಾವಿದರು ಪ್ರತಿಭಟನೆ ಮಾಡಿದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶವನ್ನ ಎತ್ತಿಹಿಡಿದ ಮೇಲೆ ಮತ್ತೆ ಅದೇ ಕಥೆ, ಎಷ್ಟೋ ವೇದಿಕೆಗಳ ಬಾಯಿ ಮುಚ್ಚಿತು. ಒಂದು ಪದದ ಅರ್ಥ ತಪ್ಪಿದ್ದಕ್ಕೆ ಎಷ್ಟು ಜನರ ಸಂಜೆಯ ಸಂಪಾದನೆ ಹೋಯ್ತೋ!

ಇದರ ನಡುವೆ 2012ರ ಆಗಸ್ಟ್ ಬಂತು. ಈಶಾನ್ಯದವರ ಮೇಲೆ ದಾಳಿಯಾಗುತ್ತೆ ಅಂತ ಗಾಳಿಸುದ್ದಿ ಎಸ್ಸೆಮ್ಮೆಸ್ಸಿನಲ್ಲಿ ಹರಡಿ, ಕೆಲವೇ ದಿನಗಳಲ್ಲಿ ಸಾವಿರಾರು ಜನ ಬೆಂಗಳೂರು ಬಿಟ್ಟರು. ರೈಲ್ವೆಯವರು ಗುವಾಹಟಿಗೆ ವಿಶೇಷ ಗಾಡಿ ಬಿಡಬೇಕಾಯ್ತು. ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಕಡಿವಾಣ ಹಾಕಿತು. ಆ ವಾರ ನಾನು ಸ್ಟೇಷನ್ನಿಗೆ ಹೋಗಿದ್ದೆ. ಬೆಂಗಳೂರಿಂದ ಬಂದ ಗಾಡಿ ಬಾಗಿಲವರೆಗೂ ತುಂಬಿತ್ತು. ಎಂಜಿನ್ ಬದಲಾಗೋ ತನಕ ಒಬ್ಬರೂ ಇಡ್ಲಿಗೆ ಇಳಿಯಲಿಲ್ಲ. ಕಿಟಕಿಯಲ್ಲಿ ಒಬ್ಬ ಹುಡುಗ ಗಿಟಾರನ್ನ ಮಗು ತರ ತೊಡೆ ಮೇಲೆ ಮಲಗಿಸಿಕೊಂಡಿದ್ದ. ನಾನೂ ಪರವೂರಲ್ಲಿ ಬದುಕುವವನು ನೋಡಿ, ಏನು ಮಾತಾಡಬೇಕು ಅಂತ ತೋಚದೆ ಒಂದು ನೀರಿನ ಬಾಟಲಿ ಕೊಟ್ಟೆ. ಅವನು "ಥ್ಯಾಂಕ್ಯೂ ಅಂಕಲ್" ಅಂದ, ಅಷ್ಟೇ. ಅವನ ಊರು ಯಾವುದೋ, ವಾಪಸ್ ಬಂದನೋ ಇಲ್ಲವೋ.

ಗಿರೀಶ್ ತಂಡ ಉಳಿಯಿತು. 2014ರಲ್ಲಿ ಮೊದಲ ಆಲ್ಬಮ್ 'ಬ್ಯಾಕ್ ಆನ್ ಅರ್ಥ್'. ಎರಡನೆಯದು 'ರಾಕ್ ದ ಹೈವೇ' ಬರಕ್ಕೆ ಆರು ವರ್ಷ, ಅದೂ 2020ರಲ್ಲಿ. ಹೈವೇ ಹೆಸರಿನ ಆಲ್ಬಮ್ ಬಂದ ವರ್ಷ ಹೈವೇಗೇ ಬೀಗ! ಆದರೆ ಅದೇ ವರ್ಷ ಬೇರೆ ಬಾಗಿಲು ತೆರೀತು. ಲ್ಯಾಂಬ್ ಆಫ್ ಗಾಡ್ ತಂಡ ಬಿಟ್ಟಿದ್ದ ಡ್ರಮ್ಮರ್ ಕ್ರಿಸ್ ಆಡ್ಲರ್ ಕಟ್ಟಿದ ಫಸ್ಟ್‌ಬಾರ್ನ್‌ಗೆ ಗಿರೀಶ್ ಹಾಡುಗಾರನಾದ. ಅದರ ಬೇಸ್ ಗಿಟಾರು ಜೇಮ್ಸ್ ಲೊಮೆಂಜೊ, ಎಂಬತ್ತರ ದಶಕದ ಗ್ಲಾಮ್ ತಂಡ ವೈಟ್ ಲಯನ್‌ನಲ್ಲಿ ನುಡಿಸಿದ್ದವರು. 2022ರಲ್ಲಿ ತಂಡದ 'ಹೇಲ್ ಟು ದ ಹೀರೋಸ್' ಇಟಲಿಯ ಫ್ರಾಂಟಿಯರ್ಸ್ ಕಂಪನಿಯಿಂದ ಬಂತು. 2024ರಲ್ಲಿ ಡಾಕೆನ್ ಖ್ಯಾತಿಯ ಜಾರ್ಜ್ ಲಿಂಚ್, ಜೆಫ್ ಪಿಲ್ಸನ್ ಅವರ ದಿ ಎಂಡ್ ಮಷೀನ್ ತಂಡದ 'ದ ಕ್ವಾಂಟಮ್ ಫೇಸ್' ಆಲ್ಬಮ್ಮಿಗೆ ಹಾಡಿದ್ದೂ ಗಿರೀಶನೇ. ಡಾಕೆನ್ ಅಂದ್ರೆ ಲಾಸ್ ಏಂಜಲಿಸ್‌ನ ಆ ಕಾಲದ ಹಿರಿತಲೆಗಳು ಸ್ವಾಮಿ! ಅವರ ತವರಲ್ಲಿ ಆ ಗಂಟಲು ಸಿಗಲಿಲ್ಲವೋ ಏನೋ, ಗ್ಯಾಂಗ್ಟಾಕ್ ತನಕ ಹುಡುಕಿಕೊಂಡು ಬಂದರು.

ಇಷ್ಟೆಲ್ಲ ಆದರೂ ಬೆಂಗಳೂರಿನ ನನ್ನ ತಮ್ಮನಿಗೆ ಫೋನ್ ಮಾಡಿ ಕೇಳಿದರೆ, "ಯಾವ ಗಿರೀಶ? ಕಾಸರವಳ್ಳಿನಾ?" ಅಂದ.

ಮುಂದಿನ ತಿಂಗಳು ಅವನು ಇಲ್ಲಿಗೆ ಬರೋನಿದ್ದಾನೆ. ಸ್ಟೇಷನ್ನಿಂದ ಮನೆ ತಲುಪೋ ತನಕ ಕಾರಲ್ಲಿ ಇದೇ ಹಾಡು ಹಾಕ್ತೀನಿ. ಕಿವಿ ಮುಚ್ಚಿಕೊಂಡರೂ ಬಿಡಲ್ಲ :)